ಆರೋಪಿಯ ಕಾಲಿಗೆ ಗುಂಡು: ಯಾವಾಗಲೂ ಕಾಲಿಗೇ ಹೇಗೆ ತಗಲುತ್ತದೆ?

ಭದ್ರಾದಂಡೆ (ಬೆಳಿಗ್ಗೆ 7.40)
ನಮ್ಮ ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಮೊನ್ನೆ ಕಾಫಿ ಕುಡಿಯುತ್ತಾ ಪತ್ರಿಕೆಯ ಒಳಪುಟದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿದರು. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದ. ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಕೇಳಲಿಲ್ಲ. ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಓದಿ ಮುಗಿಸಿ, “ಊರು, ಹೆಸರು ಬಿಟ್ಟರೆ ಇದು ಹೋದ ತಿಂಗಳ ಸುದ್ದಿಯೇ ಅಲ್ಲವೇನೋ?” ಎಂದರು. ಆಮೇಲೆ ಮೇಷ್ಟ್ರ ಬುದ್ಧಿ ಎಲ್ಲಿ ಹೋಗಬೇಕು? “ನಸುಕಿನ ಕತ್ತಲು, ಓಡುವ ಮನುಷ್ಯ, ಗುರಿ ಒಂದು ಗೇಣು ಅಗಲದ ಮೀನಖಂಡ. ಪ್ರತಿ ಸಲವೂ ಅಲ್ಲಿಗೇ ತಗಲುವ ಸಂಭವನೀಯತೆ ಎಷ್ಟು, ಲೆಕ್ಕ ಹಾಕು” ಎಂದು ನನ್ನನ್ನು ಕೇಳಿದರು.

ಲೆಕ್ಕ ನನಗೆ ಬರಲಿಲ್ಲ. ಆದರೆ ಪ್ರಶ್ನೆ ತಲೆಯಲ್ಲಿ ಕೂತಿದೆ. ‘ಕಾಲಿಗೆ ಹೊಡೆಯಬಹುದು’ ಎಂದು ಕಾನೂನಿನಲ್ಲಿ ಎಲ್ಲಾದರೂ ಇದೆಯೇ? ಹೊಡೆದ ಮೇಲೆ ಅದು ಸರಿಯೋ ತಪ್ಪೋ ಎಂದು ನೋಡುವವರು ಯಾರು? ಪೊಲೀಸರನ್ನು ಬೈಯಲು ಕೇಳುತ್ತಿಲ್ಲ, ನನ್ನ ಸೋದರಮಾವ ಇಲಾಖೆಯಲ್ಲೇ ಇದ್ದವರು. ತಿಳಿದವರು ಹೇಳಿ.

ಗುಡ್ಡೆಮಾವ (7.52)
ಕಳ್ಳನ ಕಾಲಿಗೆ ಗುಂಡು ಬಿದ್ದರೆ ನಿಮ್ಮ ಮನೆಯಲ್ಲಿ ಕಾಫಿ ಕಹಿಯಾಗುತ್ತದೆಯೇ ಸ್ವಾಮಿ? ಎದೆಗೆ ಹೊಡೆಯಲಿಲ್ಲ, ಕಾಲಿಗೆ ಹೊಡೆದು ಬದುಕಿಸಿದರು. ಅದಕ್ಕೆ ಧನ್ಯವಾದ ಹೇಳುವುದು ಬಿಟ್ಟು ಸಂಭವನೀಯತೆಯಂತೆ!

ಒಗ್ಗರಣೆ (7.58)
ಮೇಷ್ಟ್ರಿಗೆ ನಮಸ್ಕಾರ. ನನ್ನ ಉತ್ತರ: ಸಂಭವನೀಯತೆ 1. ಪತ್ರಿಕೆಯಲ್ಲಿ ಬಂದಿದೆಯಲ್ಲ.

ಕರಿಕೋಟು (8.31)
ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೇಸು ಕೂಗಿದರೆ ಎದ್ದು ಹೋಗುತ್ತೇನೆ.

‘ಕಾಲಿಗೆ ಹೊಡೆಯಬಹುದು’ ಎಂಬ ಕಲಂ ಇಲ್ಲ. ಇರುವುದು ಬೇರೆ ಬೇರೆ ಎರಡು ಅಧಿಕಾರ. ಆ ಸುದ್ದಿಯ ವಾಕ್ಯವನ್ನೇ ತೆಗೆದುಕೊಳ್ಳಿ: ‘ಹಲ್ಲೆ ಮಾಡಿ ಪರಾರಿಯಾಗಲು ಯತ್ನ’. ಒಂದೇ ಉಸಿರಿನಲ್ಲಿ ಓದುತ್ತೇವೆ, ಆದರೆ ಅಲ್ಲಿರುವ ಎರಡು ಕ್ರಿಯೆಗಳಿಗೆ ಎರಡು ಕಾನೂನು.

ಹಲ್ಲೆ ಮಾಡಿದ್ದರೆ ಅದು ಖಾಸಗಿ ರಕ್ಷಣೆಯ ಹಕ್ಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು, ಹಳೆಯ ಐಪಿಸಿಯಲ್ಲಿ 96ರಿಂದ 106. ಈ ಹಕ್ಕು ಪೊಲೀಸರಿಗೆಂದು ಮಾಡಿದ್ದಲ್ಲ, ನಿಮಗೂ ನನಗೂ ಅಷ್ಟೇ ಇದೆ. ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯದ ಭಯ ನಿಜವಾಗಿ ಇದ್ದರೆ ಎದುರಾಳಿಯ ಪ್ರಾಣ ಹೋಗುವಷ್ಟು ಬಲವನ್ನೂ ಬಳಸಬಹುದು. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಮತ್ತು ಭಯ ಮುಗಿದ ಕ್ಷಣ ಹಕ್ಕೂ ಮುಗಿಯಿತು.

ಪರಾರಿಯಾಗುತ್ತಿದ್ದರೆ ಅದು ಬಂಧನದ ಕಲಂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43 (ಹಳೆಯ ಸಿಆರ್‌ಪಿಸಿಯ 46). ಪ್ರತಿರೋಧಿಸಿದರೆ ಅಥವಾ ತಪ್ಪಿಸಿಕೊಳ್ಳಲು ನೋಡಿದರೆ ಬಂಧನಕ್ಕೆ ಅಗತ್ಯವಾದ ಎಲ್ಲ ಕ್ರಮವನ್ನೂ ಕೈಗೊಳ್ಳಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ ಎಂದು ಅದರ 4ನೇ ಉಪಕಲಂ ಹೇಳುತ್ತದೆ. ಮುಂದೆ ಇದೇ ಹೊಸ ಸಂಹಿತೆಯ 46ರಲ್ಲಿ, ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಬೇಡ ಎಂದಿದೆ.

ಈಗ ಹೇಳಿ: ಚಾಕು ಬೀಸಿದವನು ಬೆನ್ನು ತಿರುಗಿಸಿ ಓಡುತ್ತಿದ್ದಾನೆ. ಆಗ ಹಾರಿದ ಗುಂಡು ಆತ್ಮರಕ್ಷಣೆಯೋ, ಬಂಧನವೋ? ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ ಯಾವ ಕಲಮಿನ ಮಿತಿಯೂ ಕಣ್ಣಿಗೆ ಬೀಳುವುದಿಲ್ಲ.

ಜಾಜಿ (8.40)
ಸರ್, ಇಷ್ಟು ವರ್ಷ ಓದಿದ ವಾಕ್ಯದೊಳಗೆ ಹೀಗೊಂದು ಹೊಲಿಗೆ ಇದೆ ಎಂದು ಗೊತ್ತೇ ಇರಲಿಲ್ಲ.

ಗುಡ್ಡೆಮಾವ (8.44)
ವಕೀಲರೇ, ನೀವು ಕಾರಿಡಾರಿನಲ್ಲಿ ಕೂತು ಕಲಂ ಬಿಡಿಸುತ್ತೀರಿ. ಪಿಎಸ್‌ಐಗೆ ಸಿಗುವುದು ಎರಡು ಸೆಕೆಂಡು. ಅವನು ಆಗ ಹಳೆಯ 46ನೋ ಹೊಸ 43ನೋ ಎಂದು ಪುಸ್ತಕ ತಿರುವಬೇಕೇ?

ನಿವೃತ್ತ ದಫೇದಾರ (9.15)
ಗುಡ್ಡೆಮಾವ ಅವರೇ, ಎರಡು ಸೆಕೆಂಡಿನ ಮಾತು ಸರಿ. 36 ವರ್ಷ ಸೇವೆ ಮಾಡಿದ್ದೇನೆ, ಆ ಎರಡು ಸೆಕೆಂಡು ಗೊತ್ತು. ಆದರೆ ಮೇಷ್ಟ್ರ ಲೆಕ್ಕವೂ ಸರಿ ಎಂದು ಒಪ್ಪಲೇಬೇಕು.

ವರ್ಷಕ್ಕೊಮ್ಮೆ ಗುಂಡು ಹಾರಿಸುವ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದರು. ಹಗಲು ಹೊತ್ತು, ಅಲುಗದ ಹಲಗೆ, ಉಸಿರು ಬಿಗಿಹಿಡಿದು ಹೊಡೆದರೂ ನನ್ನ ಅರ್ಧ ಗುಂಡು ಹಿಂದಿನ ಮಣ್ಣಿನ ದಿಬ್ಬಕ್ಕೆ. ಒಂದು ಸಲ ಪಕ್ಕದವನ ಹಲಗೆಗೆ ಬಿದ್ದು ಅವನಿಗೆ ಒಂದು ಅಂಕ ಜಾಸ್ತಿ ಬಂದಿತ್ತು, ಅವನು ಸಂಜೆ ಬೋಂಡಾ ಕೊಡಿಸಿದ. ಪಿಸ್ತೂಲು ಸಿನಿಮಾದಲ್ಲಿ ಕಂಡಷ್ಟು ವಿಧೇಯ ವಸ್ತು ಅಲ್ಲ. ಕೈ ಬೆವರಿದರೆ ಸಾಕು, ಎಲ್ಲೆಲ್ಲಿಗೋ ಹೋಗುತ್ತದೆ.

ಒಳ್ಳೆಯ ಗುರಿಕಾರರೂ ಇಲಾಖೆಯಲ್ಲಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲ ಠಾಣೆಯಲ್ಲೂ ಇದ್ದಾರೆಯೇ?

ಒಗ್ಗರಣೆ (9.17)
ಬೋಂಡಾ ಯಾವ ಹೋಟೆಲಿನದ್ದು ದಫೇದಾರರೇ? ಅದು ಮುಖ್ಯ.

ಡಲ್ಲಾಸ್ ಕನ್ನಡಿಗ (9.40)
ಇಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ತಲೆಕೆಳಗಾಗಿದೆ. ಪೊಲೀಸ್ ಗುಂಡಿಗೆ ಯಾರಾದರೂ ಸತ್ತಾಗ ಜನ “ಕಾಲಿಗೆ ಯಾಕೆ ಹೊಡೆಯಲಿಲ್ಲ?” ಎಂದು ಕೇಳುತ್ತಾರೆ. ಪೊಲೀಸರ ಉತ್ತರ ದಫೇದಾರರು ಹೇಳಿದ್ದೇ: ಕಾಲು ಸಣ್ಣ ಗುರಿ, ತಪ್ಪಿದ ಗುಂಡು ದಾರಿಹೋಕನಿಗೆ ತಗಲುತ್ತದೆ. ಹೀಗಾಗಿ ಇಲ್ಲಿ ತರಬೇತಿಯೇ ಎದೆಯ ಭಾಗಕ್ಕೆ. ಎಲ್ಲಿಗೆ ಹೊಡೆದರೂ ಬಂದೂಕು ಬಳಸಿದರೆ ಅದು ಪ್ರಾಣಾಂತಕ ಬಲವೇ ಎಂಬುದು ಇಲ್ಲಿನ ಲೆಕ್ಕ.

ಇಲ್ಲಿನ ಮಾನದಂಡಕ್ಕೆ ಎರಡು ತೀರ್ಪು ಆಧಾರ. ಒಂದು 1985ರ ಟೆನೆಸ್ಸೀ ವಿರುದ್ಧ ಗಾರ್ನರ್. 1974ರಲ್ಲಿ ಮೆಂಫಿಸ್‌ನಲ್ಲಿ 15 ವರ್ಷದ ಹುಡುಗನೊಬ್ಬ ಕಳ್ಳತನ ಮಾಡಿ ಬೇಲಿ ಹತ್ತುತ್ತಿದ್ದಾಗ ಪೊಲೀಸನೊಬ್ಬ ತಲೆಯ ಹಿಂಭಾಗಕ್ಕೆ ಹೊಡೆದ. ಹುಡುಗನ ಬಳಿ ಸಿಕ್ಕಿದ್ದು ಒಂದು ಪರ್ಸು, ಹತ್ತು ಡಾಲರ್. ಓಡಿಹೋಗುತ್ತಿದ್ದಾನೆ ಎಂಬುದಷ್ಟೇ ಗುಂಡು ಹಾರಿಸಲು ಸಾಲದು, ಅವನಿಂದ ಇತರರಿಗೆ ಗಂಭೀರ ಅಪಾಯ ಇರಬೇಕು ಎಂದಿತು ನ್ಯಾಯಾಲಯ. ಇನ್ನೊಂದು 1989ರ ಗ್ರಹಾಂ ವಿರುದ್ಧ ಕಾನರ್. ಅದು ಗುಡ್ಡೆಮಾವ ಅವರ ಎರಡು ಸೆಕೆಂಡಿಗೆ ಉತ್ತರ: ಆ ಜಾಗದಲ್ಲಿದ್ದ ವಿವೇಕವುಳ್ಳ ಅಧಿಕಾರಿ ಆ ಕ್ಷಣ ಏನು ಮಾಡುತ್ತಿದ್ದ ಎಂದು ಅಳೆಯಬೇಕೇ ಹೊರತು ಆಮೇಲೆ ತಿಳಿದ ವಿಷಯ ಇಟ್ಟುಕೊಂಡು ಅಳೆಯುವಂತಿಲ್ಲ.

ಗುಡ್ಡೆಮಾವ (9.46)
ಅಮೆರಿಕದ ಪೊಲೀಸರಿಂದ ನಾವು ಕಲಿಯುವುದೇ! ಅಲ್ಲಿ ನಡೆಯುವುದನ್ನು ದಿನಾ ಟಿವಿಯಲ್ಲಿ ನೋಡುತ್ತೇವೆ.

ಡಲ್ಲಾಸ್ ಕನ್ನಡಿಗ (9.49)
ಕಲಿಯಿರಿ ಎಂದು ಎಲ್ಲಿ ಹೇಳಿದೆ? ಪ್ರಶ್ನೆ ಕೇಳಿದರು, ಇಲ್ಲಿಯದ್ದು ಹೇಳಿದೆ.

ಸೂಜಿಮದ್ದು (10.20)
ನಾನು ವೈದ್ಯೆ. ಸರ್ಕಾರಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲವು ವರ್ಷ ಇದ್ದೆ. “ಕಾಲಿಗೆ ಹೊಡೆದು ಬದುಕಿಸಿದರು” ಎಂದವರಿಗೆ ಒಂದು ಮಾತು. ತೊಡೆಯ ದೊಡ್ಡ ರಕ್ತನಾಳಕ್ಕೆ ತಗಲಿದರೆ ಕೆಲವೇ ನಿಮಿಷದಲ್ಲಿ ರಕ್ತ ಸುರಿದು ಮನುಷ್ಯ ಸಾಯಬಹುದು. ಮೊಣಕಾಲ ಹಿಂದಿನ ನಾಳ ಹರಿದರೆ ಜೀವ ಉಳಿದರೂ ಕಾಲು ಉಳಿಯುವುದು ಕಷ್ಟ. ಕಾಲು ಎಂದರೆ ಸುರಕ್ಷಿತ ಜಾಗ ಎಂಬುದು ಕಲ್ಪನೆ.

ವಕೀಲರು ಕೇಳಿದ ಪ್ರಶ್ನೆಗೆ ದೇಹವೇ ಅರ್ಧ ಉತ್ತರ ಹೇಳುತ್ತದೆ. ಗುಂಡು ಒಳಹೊಕ್ಕ ಗಾಯ ಸಾಮಾನ್ಯವಾಗಿ ಸಣ್ಣದು, ಅಂಚು ಒಳಕ್ಕೆ. ಹೊರಬಂದದ್ದು ದೊಡ್ಡದು, ಹರಿದಂತೆ, ಅಂಚು ಹೊರಕ್ಕೆ. ತೀರಾ ಹತ್ತಿರದಿಂದ ಹಾರಿಸಿದ್ದರೆ ಸುತ್ತ ಮದ್ದಿನ ಕಪ್ಪು ಚುಕ್ಕೆಗಳು. ಒಂದು ರಾತ್ರಿ ಹೀಗೊಬ್ಬನನ್ನು ಕರೆತಂದಿದ್ದರು. ಗಾಯ ತೊಳೆದು ನೋಡಿದೆ, ಗುಂಡು ಹೊಕ್ಕದ್ದು ಮೀನಖಂಡದ ಹಿಂದಿನಿಂದ. ಜೊತೆಗಿದ್ದವರು, “ಮೇಡಂ, ಕಾಲಿಗೆ ಗುಂಡೇಟು ಎಂದಷ್ಟೇ ಬರೆದರೆ ಸಾಕಲ್ಲವೇ?” ಎಂದರು. ಸಭ್ಯವಾಗಿಯೇ ಕೇಳಿದರು, ಬೆದರಿಸಲಿಲ್ಲ. ನಾನು ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ದಾಖಲಿಸುವ) ಪುಸ್ತಕದಲ್ಲಿ ಹಿಂದಿನಿಂದ ಒಳಕ್ಕೆ ಎಂದು ಅಳತೆ ಸಮೇತ ಬರೆದೆ. ನ್ಯಾಯಾಲಯದಿಂದ ಈವರೆಗೆ ಒಂದು ಸಮನ್ಸೂ ಬಂದಿಲ್ಲ.

ಭದ್ರಾದಂಡೆ (10.28)
ಡಾಕ್ಟರೇ, ನಿಮ್ಮ ಕೊನೆಯ ಸಾಲು ಓದಿ ಅಪ್ಪ ಕನ್ನಡಕ ತೆಗೆದಿಟ್ಟರು.

ಕರಿಕೋಟು (11.05)
ಸಮನ್ಸ್ ಬಾರದಿರುವುದೇ ಕಥೆಯ ತಿರುಳು. ಪ್ರಶ್ನೆಯ ಎರಡನೇ ಭಾಗಕ್ಕೆ ಬರುತ್ತೇನೆ: ನೋಡುವವರು ಯಾರು?

2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ (ಒಂದು ನಾಗರಿಕ ಹಕ್ಕುಗಳ ಸಂಘಟನೆ) ವಿರುದ್ಧ ಮಹಾರಾಷ್ಟ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿತು. ಗುಂಡಿನ ಪ್ರಕರಣದಲ್ಲಿ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು, ಗುಂಡು ಹಾರಿಸಿದ ತಂಡವೇ ಅಲ್ಲ. ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ. ಬಳಸಿದ ಆಯುಧವನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಅವನ ಹೇಳಿಕೆ ದಾಖಲಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೂಡದು. ಸಾವಷ್ಟೇ ಅಲ್ಲ, ತೀವ್ರ ಗಾಯದ ಪ್ರಕರಣಗಳಿಗೂ ಇವು ಅನ್ವಯ ಎಂದು ಅದೇ ತೀರ್ಪಿನಲ್ಲಿದೆ. ಅಂದರೆ ಕಾಲಿಗೆ ಬಿದ್ದ ಗುಂಡಿಗೂ. ಇದನ್ನು ಹೇಳಿದರೆ ಎಷ್ಟೋ ವಕೀಲರೇ ಹುಬ್ಬೇರಿಸುತ್ತಾರೆ, ಸತ್ತವರಿಗೆ ಮಾತ್ರ ಎಂದು ತಿಳಿದಿರುತ್ತಾರೆ.

ಈ ದಾರಿಗೆ ಮೊದಲ ಕಲ್ಲು ಹಾಕಿದವರು ನಮ್ಮವರೇ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚ್‌ನಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆದರು. ಖಾಸಗಿ ರಕ್ಷಣೆ ಮತ್ತು ಬಂಧನದ ಕಲಂ, ಇವೆರಡನ್ನು ಬಿಟ್ಟರೆ ಇನ್ನೊಬ್ಬರ ಜೀವ ತೆಗೆಯುವ ಪ್ರತ್ಯೇಕ ಹಕ್ಕು ಪೊಲೀಸರಿಗೆ ಇಲ್ಲ ಎಂಬುದು ಅದರ ಸಾರ.

ಕೇಸು ಕೂಗಿದರು, ಬರುತ್ತೇನೆ.

ಗುಡ್ಡೆಮಾವ (11.12)
ಎಲ್ಲ ಸರಿ. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಕಂದಮ್ಮನನ್ನು ಕೊಂದ ಆರೋಪಿ ಪೊಲೀಸ್ ಗುಂಡಿಗೆ ಸತ್ತನಲ್ಲ, ಅವತ್ತು ಬೀದಿಯಲ್ಲಿ ಸಿಹಿ ಹಂಚಿದವರಿಗೆ ಹೋಗಿ ನಿಮ್ಮ 16 ಸೂಚನೆ ಓದಿ. ನನಗೂ ಮೊಮ್ಮಗಳಿದ್ದಾಳೆ.

ಜಾಜಿ (11.30)
ಮಾವ ಅವರೇ, ಅವತ್ತು ನಾನೂ ಖುಷಿಪಟ್ಟವಳೇ, ಸುಳ್ಳು ಹೇಳುವುದಿಲ್ಲ. ಆ ಪ್ರಕರಣ ಸಿಐಡಿಗೆ ಹೋಯಿತು, ಅದರ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಆದರೆ 2019ರ ಡಿಸೆಂಬರ್ 6ರ ಹೈದರಾಬಾದ್ ನೆನಪಿದೆಯೇ? ಪಶುವೈದ್ಯೆಯ ಕೊಲೆಯ ನಾಲ್ವರು ಆರೋಪಿಗಳು ಪೊಲೀಸ್ ಗುಂಡಿಗೆ ಸತ್ತರು. ಆಗ ನಮ್ಮ ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದ್ದೆವು. ಆಮೇಲೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಏನು ಹೇಳಿತು? ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಎಂದು. ಚಪ್ಪಾಳೆ ತಟ್ಟಿದ ಕೈ ನನ್ನದೇ. ಅಪ್ರಾಪ್ತರು ಎಂಬ ಪದ ಓದಿದ ದಿನ ನನಗೆ ಊಟ ಸೇರಲಿಲ್ಲ.

ಗುಡ್ಡೆಮಾವ (11.34)
ಸತ್ತ ಹುಡುಗಿಯ ತಾಯಿಗೂ ಊಟ ಸೇರಿರಲಿಕ್ಕಿಲ್ಲ.

ಜಾಜಿ (11.35)
ಅದೂ ನಿಜ.

ಮಲಪ್ರಭಾ ಕಾಲುವೆ (12.10)
ನೀವೆಲ್ಲ ಪಿಸ್ತೂಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ನವಲಗುಂದ ತಾಲ್ಲೂಕಿನವನು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ನಾನು ಆರನೇ ಇಯತ್ತೆ. ಕಾಲುವೆಯ ನೀರು ಹೊಲಕ್ಕೆ ಬರುವ ಮೊದಲೇ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆಂದು ಹಾಕುವ ಕರ) ಕಟ್ಟಿರಿ ಎಂದರು, ಜನ ತಿರುಗಿಬಿದ್ದರು. ಆ ದಿನ ಮಧ್ಯಾಹ್ನ ನಮ್ಮ ಅಜ್ಜ ಪೇಟೆಯಿಂದ ಬರಿಗಾಲಲ್ಲಿ ಓಡಿ ಬಂದ. ಎಡಗಾಲಿನ ಚಪ್ಪಲಿ ಕೈಯಲ್ಲಿ ಹಿಡಿದಿದ್ದ, ಬಲಗಾಲಿನದು ಎಲ್ಲೋ ಕಳಚಿತ್ತು. ಆ ಒಂಟಿ ಚಪ್ಪಲಿಯನ್ನು ಅವ್ವ ಬಹಳ ವರ್ಷ ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದಳು. ಇಂದಿಗೂ ಪ್ರತಿ ಜುಲೈ 21ಕ್ಕೆ ನಮ್ಮ ಕಡೆ ರೈತ ಹುತಾತ್ಮರ ದಿನ.

ಗುಂಪಿನ ಮೇಲೆ ಬಲ ಬಳಸಲು ಏನು ನಿಯಮ, ಅದನ್ನೂ ಹೇಳಿ ವಕೀಲರೇ.

ಗೌರಿಬಿದನೂರು ಗೆಳೆಯ (12.18)
ನಮ್ಮ ವಿದುರಾಶ್ವತ್ಥ ಮರೆಯಬೇಡಿ. 1938ರ ಏಪ್ರಿಲ್ 25. ಅದು ಮೈಸೂರು ಸಂಸ್ಥಾನದ ಪೊಲೀಸ್. ಹಾರಿಸಲು ಹೊರಟಿದ್ದು ಧ್ವಜ, ಹಾರಿದ್ದು ಗುಂಡು.

ನಿವೃತ್ತ ದಫೇದಾರ (1.05)
ವಕೀಲರು ಬರುವವರೆಗೆ ನಾನೇ ಹೇಳುತ್ತೇನೆ, ಇದು ನನ್ನ ಅನ್ನದ ವಿಷಯ. ಕಾನೂನುಬಾಹಿರ ಕೂಟ, ಇಲ್ಲವೇ ಶಾಂತಿ ಕದಡಬಹುದಾದ ಐದು ಅಥವಾ ಹೆಚ್ಚು ಜನರ ಕೂಟ ಇರಬೇಕು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ ಚದುರಿ ಎಂದು ಆಜ್ಞೆ ಕೊಡಬೇಕು. ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು. ಚದುರದಿದ್ದರೆ, ಅಥವಾ ಚದುರುವುದಿಲ್ಲ ಎಂದು ನಡತೆಯಲ್ಲೇ ತೋರಿಸಿದರೆ ಮಾತ್ರ ಬಲ. ಹಿಂದೆ ಸಿಆರ್‌ಪಿಸಿ 129 ಎನ್ನುತ್ತಿದ್ದೆವು, ಈಗ 148 ಆಗಿದೆಯಂತೆ. ಲಾಠಿ ಬೀಸುವಾಗ ತಲೆ ಮತ್ತು ಕೊರಳೆಲುಬು ತಪ್ಪಿಸಿ ಮಾಂಸಖಂಡಕ್ಕೆ ಹೊಡೆಯಿರಿ ಎಂದು ಕವಾಯತಿನಲ್ಲೇ ಬಾಯಿಪಾಠ ಮಾಡಿಸುತ್ತಿದ್ದರು.

ಬೀದಿಯಲ್ಲಿ ಏನಾಗುತ್ತದೆ ಕೇಳಿ. ಒಮ್ಮೆ ಬಂದೋಬಸ್ತಿನಲ್ಲಿ ಬೆಳಗಿನ ಐದರಿಂದ ನಿಂತಿದ್ದೆವು. ತಿಂಡಿಯ ಪೊಟ್ಟಣ ಬಂದದ್ದು ಹನ್ನೊಂದಕ್ಕೆ, ಅದೂ ಹಳಸಿದ ಚಿತ್ರಾನ್ನ. ಮೂತ್ರಕ್ಕೆ ಹೋಗಲು ಜಾಗವಿಲ್ಲ. ಮಧ್ಯಾಹ್ನ ಕಲ್ಲು ಬೀಳಲು ಶುರುವಾಯಿತು. ನನ್ನ ಪಕ್ಕದ ಹುಡುಗನ ಹುಬ್ಬು ಸೀಳಿತು. ಮೈಕಿನಲ್ಲಿ ಸಾಹೇಬರು ಕೂಗಿದ್ದು ನಮಗೇ ಕೇಳಲಿಲ್ಲ, ಜನರಿಗೆ ಕೇಳುವುದು ದೂರದ ಮಾತು. ಲಾಠಿ ಎತ್ತಿದ ಮೇಲೆ ನನ್ನ ಮುಂದೆ ಬಿದ್ದವನು ಕಲ್ಲು ಹೊಡೆದವನಲ್ಲ, ಬಸ್ಸಿಗೆ ಕಾದು ನಿಂತಿದ್ದ ಮುದುಕ. ಅವನ ಭುಜಕ್ಕೆ ಹೊಡೆದೆ. ಕೈಚೀಲದಿಂದ ಬದನೆಕಾಯಿ ಉರುಳಿದವು. ನಿಯಮ ನನಗೆ ಬಾಯಿಪಾಠ ಇತ್ತು.

ಜಾಜಿ (1.12)
ದಫೇದಾರರೇ, ಬರೆದದ್ದಕ್ಕೆ ದೊಡ್ಡ ಮನಸ್ಸು ಬೇಕು.

ಪಾಪದ ಹಾಲಿನವನು (1.20)
2020ರ ಲಾಕ್‌ಡೌನಿನಲ್ಲಿ ನನಗೂ ಬಿತ್ತು. ಒಬ್ಬನೇ ಇದ್ದೆ, ಕೈಯಲ್ಲಿ ಎರಡು ಹಾಲಿನ ಪ್ಯಾಕೆಟ್. ತೊಡೆಗೆ ಒಂದು ಏಟು, ಪ್ಯಾಕೆಟ್ ಒಡೆದು ಪ್ಯಾಂಟೆಲ್ಲ ಹಾಲು. ಐದು ಜನರ ಕೂಟ ಎಂದಿರಿ, ನಾನೊಬ್ಬನೇ ಐದು ಜನರಂತೆ ಕಾಣುತ್ತೇನೆಯೇ?

ಒಗ್ಗರಣೆ (1.22)
ನಿಮ್ಮ ಪ್ರೊಫೈಲ್ ಚಿತ್ರ ನೋಡಿದರೆ ಮೂರು ಜನರಂತೂ ಇದ್ದೀರಿ.

ಕರಿಕೋಟು (2.40)
ಹಾಲಿನವರೇ, ನಿಮ್ಮ ಮೇಲೆ ಬಿದ್ದ ಏಟಿಗೆ 148ರಲ್ಲೂ ಜಾಗವಿಲ್ಲ, 43ರಲ್ಲೂ ಇಲ್ಲ. ನಿಯಮ ಮುರಿದಿದ್ದರೆ ಕೇಸು ಹಾಕಬಹುದು. ಲಾಠಿ ಗುಂಪು ಚದುರಿಸುವ ಸಾಧನ, ಶಿಕ್ಷೆ ಕೊಡುವ ಅಧಿಕಾರ ಠಾಣೆಗೆ ಇಲ್ಲ. ಇದೇ ಸರಳ ಮಾತು ನಮ್ಮ ಜನರಿಗೇ ಒಪ್ಪಿಗೆಯಾಗಿಲ್ಲ. “ಎರಡು ಬಿಟ್ಟು ಕಳಿಸಿ ಸಾರ್” ಎಂದು ಠಾಣೆಗೆ ಮಗನನ್ನು ಕರೆತರುವ ತಂದೆಯರನ್ನೇ ನಾನು ನೋಡಿದ್ದೇನೆ.

ಸರಿ, ಏಟು ತಿಂದವನು ದೂರು ಕೊಟ್ಟರೆ ಏನಾಗುತ್ತದೆ? ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ ಎದುರಾಗುತ್ತದೆ. ಕರ್ತವ್ಯದ ನೆಪದಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ, ದೇವರಾಜ ವಿರುದ್ಧ ಓವೈಸ್ ಸಬೀರ್ ಹುಸೇನ್, ಬಲ ಮಿತಿ ಮೀರಿದ್ದರೂ ಕೃತ್ಯಕ್ಕೆ ಕರ್ತವ್ಯದೊಂದಿಗೆ ಸಮಂಜಸ ನಂಟು ಇದ್ದರೆ ಅನುಮತಿ ಬೇಕು ಎಂದಿತು. ನಂಟೇ ಇಲ್ಲದಿದ್ದರೆ ಬೇಡ. ನಂಟು ಇದೆಯೋ ಇಲ್ಲವೋ ಎಂಬ ಜಗಳದಲ್ಲೇ ವರ್ಷಗಳು ಉರುಳುತ್ತವೆ. ನನ್ನ ಕಕ್ಷಿದಾರರೊಬ್ಬರು ಆ ಜಗಳ ಮುಗಿಯುವ ಮೊದಲೇ ತೀರಿಕೊಂಡರು.

ನಿವೃತ್ತ ದಫೇದಾರ (2.52)
ಆ ರಕ್ಷಣೆ ಇಲ್ಲದಿದ್ದರೆ ನಾವು ಹಿಡಿದ ಪ್ರತಿ ಕಳ್ಳನೂ ನಮ್ಮ ಮೇಲೊಂದು ಖಾಸಗಿ ದೂರು ಹಾಕುತ್ತಿದ್ದ. ಅದನ್ನೂ ಬರೆಯಿರಿ ವಕೀಲರೇ.

ಕರಿಕೋಟು (2.55)
ಒಪ್ಪಿದೆ. ರಕ್ಷಣೆ ಬೇಕು. ಅನುಮತಿಯ ಕಡತ ಮೇಜಿನ ಮೇಲೆ ಕೊಳೆಯುವುದು ಬೇಡ ಎನ್ನುವುದಷ್ಟೇ ನನ್ನ ವಾದ.

ಸೂಜಿಮದ್ದು (3.10)
ಅನುಮತಿ ಬಿಡಿ. ಸಾಮಾನ್ಯರು ತಕ್ಷಣ ಏನು ಮಾಡಬೇಕು?

ಕರಿಕೋಟು (3.24)
ಮೊದಲು ಗಾಯದ ದಾಖಲೆ, ಆಸ್ಪತ್ರೆಯಲ್ಲಿ ನಿಮ್ಮಂಥವರ ಕೈಬರಹ. ರಿಮಾಂಡಿಗೆ ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರ ಎದುರು ಬಾಯಿಬಿಟ್ಟು ಹೇಳಬೇಕು, ಅವರು ಕೇಳುತ್ತಾರೆ. ಠಾಣೆಯೊಳಗೆ ನಡೆದದ್ದಾದರೆ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಬೇಗ ಅರ್ಜಿ ಕೊಡಬೇಕು. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ದೃಶ್ಯಗಳನ್ನು 18 ತಿಂಗಳು ಇಡಬೇಕು, ಅದು ಸಾಧ್ಯವಿಲ್ಲದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಕ್ಯಾಮೆರಾ ಅದೇ ದಿನ ಕೆಟ್ಟಿತ್ತು ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ, ಅದನ್ನೂ ಬರಹದಲ್ಲಿ ತೆಗೆದುಕೊಳ್ಳಿ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಎಂಬುದೂ ಇದೆ, 2006ರ ಪ್ರಕಾಶ್ ಸಿಂಗ್ ತೀರ್ಪಿನ ಕೂಸು.

ಗುಡ್ಡೆಮಾವ (4.02)
ದಫೇದಾರರ ಬದನೆಕಾಯಿಯ ಕಥೆ ಓದಿದ ಮೇಲೆ ನನ್ನ ಬಾಯಿ ಸ್ವಲ್ಪ ಕಟ್ಟಿದೆ. ಆದರೂ ಒಂದು ಮಾತು: ಚಾಕು ಹಿಡಿದು ಮೈಮೇಲೆ ಬರುವವನಿಗೆ ಪೊಲೀಸ್ ಹೊಡೆಯಲೇಬೇಕು. ಅದರಲ್ಲಿ ರಾಜಿ ಇಲ್ಲ.

ಕರಿಕೋಟು (4.05)
ಕಾನೂನೂ ಅಲ್ಲಿ ನಿಮ್ಮ ಪಕ್ಷವೇ ಮಾವ. ಬೆನ್ನು ತಿರುಗಿಸಿದವನ ಬಗ್ಗೆ ಮಾತ್ರ ನಮ್ಮ ಜಗಳ.

ಭದ್ರಾದಂಡೆ (ಮರುದಿನ, ಬೆಳಿಗ್ಗೆ 7.15)
ಇವತ್ತಿನ ಪತ್ರಿಕೆಯಲ್ಲಿ ಇನ್ನೊಂದು. ಬೇರೆ ಜಿಲ್ಲೆ, ಅದೇ ಮಹಜರು, ಅದೇ ನಸುಕು. ಅಪ್ಪ ಹಳೆಯ ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನು ಹುಡುಕಿ ತಂದರು. ‘ಹಲ್ಲೆ’ ಎಂಬ ಪದಕ್ಕೆ ಒಂದು ಗೆರೆ, ‘ಪರಾರಿ’ ಎಂಬುದಕ್ಕೆ ಎರಡು. ಪಕ್ಕದ ಖಾಲಿ ಜಾಗದಲ್ಲಿ, ‘ಮುಂದಿನಿಂದಲೋ ಹಿಂದಿನಿಂದಲೋ? ಹಂತಗಳನ್ನು ತೋರಿಸಿಲ್ಲ’ ಎಂದು ಬರೆದು ಅಂಕದ ಜಾಗ ಖಾಲಿ ಬಿಟ್ಟಿದ್ದಾರೆ.

ನಿವೃತ್ತ ದಫೇದಾರ (7.31)
ಆ ಹಾಳೆ ಬಿಸಾಡಬೇಡಿ ಎಂದು ಮೇಷ್ಟ್ರಿಗೆ ಹೇಳಿ. ಒಗ್ಗರಣೆಯವರೇ, ಬೋಂಡಾ ಹೋಟೆಲಿನದ್ದಲ್ಲ, ಮೈದಾನದ ಗೇಟಿನ ಹತ್ತಿರ ಒಬ್ಬ ಅಜ್ಜಿ ಕರಿಯುತ್ತಿದ್ದಳು.